ಸ್ಟೇಟಸ್ಸಿಗೆ ಹಾಕಿದ ರೊಟ್ಟಿ

ಮನೆಗೂ ಕೆಲಸಕ್ಕೂ ನಡುವೆ ಒಂದು ಗೇಟಿರಬೇಕು, ಆ ಗೇಟಿಗೊಬ್ಬ ವಾಚ್‌ಮನ್ ಇರಬೇಕು ಎಂಬುದು ನನಗೆ ಇತ್ತೀಚೆಗೆ ಬಂದ ಜ್ಞಾನ. ಜ್ಞಾನ ಬರುವ ಹೊತ್ತಿಗೆ ಅದರ ಉಪಯೋಗ ಮುಗಿದಿರುತ್ತದೆ ಎನ್ನುವುದು ಬೇರೆ ಮಾತು. ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಪಾಳಿ ಮುಗಿಸಿ ಹೊರಗೆ ಬರುವಾಗ ಗೇಟಿನಲ್ಲಿ ವಾಚ್‌ಮನ್ ಎಲ್ಲರ ಜೇಬು, ಸೊಂಟ, ಬುತ್ತಿ ಡಬ್ಬಿ ತಡವಿ ನೋಡುತ್ತಿದ್ದನಂತೆ. ಮಿಲ್ಲಿನ ಒಂದೆಳೆ ನೂಲೂ ಮನೆಗೆ ಹೋಗಬಾರದು. ಅಪ್ಪ ಅದನ್ನು ಅವಮಾನ ಎಂದೇ ತಿಳಿದಿದ್ದ. ನನ್ನನ್ನು ಹಟ ಹಿಡಿದು ಓದಿಸಿದ್ದೂ ಅದಕ್ಕೇ. ಯಾರೂ ಜೇಬಿಗೆ ಕೈ ಹಾಕದಂಥ ಕೆಲಸ ಹಿಡಿ ನೋಡಪ್ಪಾ ಎನ್ನುತ್ತಿದ್ದ. ನಾನು ಹಿಡಿದೆ. ಆದರೆ ಈಗ ಅನ್ನಿಸುತ್ತದೆ, ಆ ವಾಚ್‌ಮನ್ ಅಪ್ಪನಿಗೆ ಒಂದು ಉಪಕಾರವನ್ನೂ ಮಾಡುತ್ತಿದ್ದ. ಗೇಟು ದಾಟಿದ ಮೇಲೆ ಅಪ್ಪನ ಮೈಮೇಲೆ ಮಿಲ್ಲಿನದೆಂಬುದು ಏನೂ ಉಳಿಯುತ್ತಿರಲಿಲ್ಲ, ತಲೆಗೂದಲಿಗೆ ಸಿಕ್ಕಿಕೊಂಡ ಚೂರು ಹತ್ತಿಯನ್ನು ಬಿಟ್ಟರೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಪ್ರಾಣಿ ನಾನು. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ. ಸಿಗದಿದ್ದರೆ ಹುಟ್ಟಿಸಿಕೊಂಡು ಹೇಳುತ್ತೇನೆ. ಹಗಲು ಕಾಲೇಜು, ಸಂಜೆ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕಟ್ಟುವ ಕೆಲಸ, ಹೀಗೆ ಓದಿದ ಅರ್ಥಶಾಸ್ತ್ರ ಅದು. ನನ್ನ ಪುಸ್ತಕಗಳಿಗೆ ಇರುವೆ ಹತ್ತುತ್ತಿದ್ದವು ಎಂದರೆ ಸುಳ್ಳಲ್ಲ. ಅಷ್ಟು ಕಷ್ಟಪಟ್ಟು ಬಂದ ಅಕ್ಷರಗಳನ್ನು ಒಳಗಿಟ್ಟುಕೊಳ್ಳುವುದು ಹೇಗೆ? ವಿನೋಬನಗರದಲ್ಲಿ ಮನೆ ಮಾಡಿದಾಗ ಬಾಗಿಲ ಪಕ್ಕ ಕರಿಕಲ್ಲಿನ ಮೇಲೆ ನನ್ನ ಹೆಸರು, ಅದರ ಮುಂದೆ ಎಂ.ಎ., ಬಿ.ಎಡ್., ಕೆಳಗೆ ‘ಅರ್ಥಶಾಸ್ತ್ರ ಉಪನ್ಯಾಸಕರು’ ಎಂದು ಕೆತ್ತಿಸಿದೆ. ನನ್ನ ಹೆಂಡತಿ ಸುಮಂಗಲಾ ಆ ಕಲ್ಲನ್ನು ಒಂದು ಗಳಿಗೆ ನೋಡಿ, ಇನ್ನೂ ಜಾಗ ಉಳಿದಿದೆಯಲ್ಲ ಎಂದಳು. ಉಳಿಯಲಿ, ನಾಳೆ ಪಿಎಚ್.ಡಿ. ಆದರೆ ಬೇಕಾಗುತ್ತದೆ ಎಂದೆ. ಅವಳು ಯಾವ ಅರ್ಥದಲ್ಲಿ ಹೇಳಿದಳೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಪಿಎಚ್.ಡಿ.ಯಂತೂ ಆಗಲೇ ಇಲ್ಲ.

ಕೆಲಸ ಹರಿಹರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ. ದಿನಾ ದಾವಣಗೆರೆಯಿಂದ ಬಸ್ಸು. ಮೊದಲೆಲ್ಲ ಆ ಬಸ್ಸೇ ನನ್ನ ಗೇಟಾಗಿತ್ತು. ಬೆಳಿಗ್ಗೆ ಹರಿಹರದಲ್ಲಿ ಇಳಿದರೆ ಉಪನ್ಯಾಸಕ, ಸಂಜೆ ದಾವಣಗೆರೆಯಲ್ಲಿ ಇಳಿದರೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವ ಸಾಧಾರಣ ಮನುಷ್ಯ. ತಿನ್ನುವಾಗ ವಿದ್ಯಾರ್ಥಿಗಳು ಯಾರಾದರೂ ಕಂಡರೆ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿಯುವಷ್ಟು ಶಿಸ್ತು ನನ್ನಲ್ಲಿತ್ತು. ಪ್ರತಿಯೊಬ್ಬ ಕ್ಲಾಸ್ ಟೀಚರೂ ಪೋಷಕರ ವಾಟ್ಸಾಪ್ ಗ್ರೂಪ್ ಮಾಡತಕ್ಕದ್ದು ಎಂದು ನಮ್ಮ ಪ್ರಿನ್ಸಿಪಾಲರು ಆಜ್ಞೆ ಹೊರಡಿಸಿದ ದಿನ ಆ ಶಿಸ್ತು ಹೊಳೆಯ ಪಾಲಾಯಿತು. ಗ್ರೂಪಿಗೆ ಸೇರಿದ ತಂದೆ ತಾಯಂದಿರೆಲ್ಲ ನನ್ನ ನಂಬರ್ ಸೇವ್ ಮಾಡಿಕೊಂಡರು, ನಾನೂ ಅವರದನ್ನು ಮಾಡಿಕೊಂಡೆ. ಹೆಸರು ಗೊತ್ತಿಲ್ಲದ್ದರಿಂದ ‘ಕಾವ್ಯ ತಂದೆ ಬಿ ಸೆಕ್ಷನ್’, ‘ಮನೋಜ ತಂದೆ ಕೊಂಡಜ್ಜಿ’, ‘ನಂದಿಗುಡಿ ಹುಡುಗಿ ತಾಯಿ’ ಎಂದು. ಅಲ್ಲಿಂದ ಮುಂದೆ ಅವರ ಮನೆಯ ಎತ್ತು, ಟ್ರ್ಯಾಕ್ಟರು, ಗೃಹಪ್ರವೇಶ, ನಾಮಕರಣ ಎಲ್ಲ ನನ್ನ ಅಂಗೈಗೆ ಬಂತು. ಕಾವ್ಯಳ ತಂದೆ ದಿನಾ ಬೆಳಿಗ್ಗೆ ಗುಲಾಬಿ ಹೂವು ಕಳಿಸುತ್ತಿದ್ದರು. ಕೈಮುಗಿದರೆ ನಾಳೆಯೂ ಹೂವು ಬರುತ್ತದೆ, ಮುಗಿಯದಿದ್ದರೆ ಮೇಷ್ಟ್ರಿಗೆ ಸೊಕ್ಕು ಎನ್ನುತ್ತಾರೆ. ಮುಗಿದೆ. ಹೂವು ನಿಲ್ಲಲಿಲ್ಲ.

ಸ್ಟೇಟಸ್ಸಿನ ಕಷ್ಟ ಬೇರೆಯೇ. ನಮ್ಮ ಪ್ರಿನ್ಸಿಪಾಲರು ದಿನಕ್ಕೊಂದು ಸುಭಾಷಿತ ಹಾಕುತ್ತಾರೆ. ‘ಸಮಯಕ್ಕೆ ಬೆಲೆ ಕೊಡದವನಿಗೆ ಸಮಯವೂ ಬೆಲೆ ಕೊಡದು’ ಎಂದು ಹಾಕಿದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರಿಗೂ ಅದು ತಮಗೇ ಹೇಳಿದ್ದೆಂಬ ಅನುಮಾನ. ಕನ್ನಡದ ಹಾಲೇಶಪ್ಪ ಮೇಷ್ಟ್ರೊಬ್ಬರೇ ಅದಕ್ಕೆ ಧೈರ್ಯವಾಗಿ ‘ಅರ್ಥಗರ್ಭಿತ ಸರ್’ ಎಂದು ಉತ್ತರ ಬರೆದು, ಮರುದಿನವೂ ತಡವಾಗಿಯೇ ಬರುತ್ತಾರೆ. ನಾನು ಮಾತ್ರ ಸ್ಟೇಟಸ್ ಹಾಕುತ್ತಿರಲಿಲ್ಲ. ಉಪನ್ಯಾಸಕನಿಗೆ ಗಾಂಭೀರ್ಯ ಬೇಕು ಎಂಬುದು ನನ್ನ ನಂಬಿಕೆ.

ಆ ಗಾಂಭೀರ್ಯ ಹಾಳಾದದ್ದು ರೊಟ್ಟಿಯಿಂದ. ಸುಮಂಗಲಾ ಹರಪನಹಳ್ಳಿ ಕಡೆಯವಳು. ಜೋಳದ ಹಿಟ್ಟು ನಾದುವುದರಲ್ಲಿ, ರೊಟ್ಟಿ ಬಡಿಯುವುದರಲ್ಲಿ ಅವಳ ಕೈಗೊಂದು ತಾಳವಿದೆ. ಬೆಳಿಗ್ಗೆ ಆ ಪಟಪಟ ಸದ್ದಿಗೇ ನಾನು ಏಳುವುದು. ಪಿಯುಸಿ ಚೆನ್ನಾಗಿಯೇ ಪಾಸು ಮಾಡಿದ್ದಳು, ಮುಂದೆ ಓದುವ ಆಸೆಯಿತ್ತು, ಅಷ್ಟರಲ್ಲಿ ಡಿಗ್ರಿಯಾದ ಗಂಡು ಸಿಕ್ಕಿತೆಂದು ಮದುವೆ ಮಾಡಿಬಿಟ್ಟರು. ಒಂದು ಮನೆಗೆ ಒಂದು ಡಿಗ್ರಿ ಸಾಕು ಎಂದು ಅವರಪ್ಪ ಹೇಳಿದರಂತೆ. ಅಂಥವಳು ಒಂದು ಭಾನುವಾರ ಒಣಗಿಸಿದ ಖಡಕ್ ರೊಟ್ಟಿಯ ಗುಡ್ಡೆ, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇಟ್ಟುಕೊಂಡು ಕೂತು, ಇದನ್ನು ಮಾರಿದರೆ ಹೇಗೆ ಎಂದು ಕೇಳಿದಳು. ಮಾರು ಎಂದೆ. ಯಾರಿಗೆ ಎಂದಳು. ಅವಳ ಫೋನಿನಲ್ಲಿದ್ದವರೆಲ್ಲ ನೆಂಟರು; ನೆಂಟರು ರೊಟ್ಟಿ ತಿನ್ನುತ್ತಾರೆಯೇ ಹೊರತು ಕೊಳ್ಳುವುದಿಲ್ಲ.

“ನಿಮ್ಮ ಫೋನ್ನಾಗೆ ಹರಿಹರ ತಾಲ್ಲೂಕಿಗೆ ತಾಲ್ಲೂಕೇ ಐತಲ್ರೀ. ಒಂದು ಸ್ಟೇಟಸ್ ಹಾಕ್ರಿ, ಏನು ಗಂಟು ಹೋಗುತ್ತೆ?” ಎಂದಳು.

ಗಾಂಭೀರ್ಯದ ಮಾತೆತ್ತಿದೆ. ರೊಟ್ಟಿಗೇನು ಗಾಂಭೀರ್ಯ ಕಮ್ಮಿಯೇ ಎಂದಳು. ಅದೂ ನಿಜವೇ. ಫೋಟೋ ತೆಗೆದು, ‘ಮನೆಯಲ್ಲೇ ಮಾಡಿದ ರುಚಿಯಾದ ಖಡಕ್ ರೊಟ್ಟಿ, ಬೇಕಾದವರು ಸಂಪರ್ಕಿಸಿ’ ಎಂದು ಬರೆದು ಹಾಕಿದೆ. ಒಂದು ತಪ್ಪಿಲ್ಲದ ವಾಕ್ಯ ಬರೆದ ಹೆಮ್ಮೆಯಲ್ಲಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಫೋನು ಮೇಜಿನ ಮೇಲೆ ಬುಗುರಿಯ ಹಾಗೆ ನಡುಗುತ್ತಾ ತಿರುಗುತ್ತಿತ್ತು. ಕಾವ್ಯಳ ತಂದೆ ಗುಲಾಬಿಯ ಜೊತೆಗೇ ಆರ್ಡರು ಕಳಿಸಿದ್ದರು. ಮನೋಜನ ತಂದೆ ಸಿದ್ದಪ್ಪನವರು ಕೊಂಡಜ್ಜಿಯಿಂದ ಫೋನ್ ಮಾಡಿ ಎರಡು ಕಟ್ಟು ಬೇಕೇ ಬೇಕು ಎಂದರು. ನಂದಿಗುಡಿಯ ತಾಯಿ ಪುಡಿಯೂ ಇರಲಿ ಎಂದರು.

ಆಮೇಲಿನ ಮೂರು ನಾಲ್ಕು ತಿಂಗಳು ನಮ್ಮ ಮನೆಯ ವೈಭವದ ಕಾಲ. ಸುಮಂಗಲಾ ದೊಡ್ಡ ಹಂಚು ತಂದಳು, ಪಕ್ಕದ ಮನೆಯ ಗೌರಕ್ಕನನ್ನು ಸಹಾಯಕ್ಕೆ ಕರೆದಳು. ನಾನು ಬ್ಯಾಗಿನ ಒಂದು ಬದಿಗೆ ಟೆಸ್ಟ್ ಪೇಪರು, ಇನ್ನೊಂದು ಬದಿಗೆ ರೊಟ್ಟಿ ತುಂಬಿಕೊಂಡು ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ. ಕೂತರೆ ರೊಟ್ಟಿ ಮುರಿಯುತ್ತದೆ. ಪಿಎಚ್.ಡಿ. ಪ್ರಬಂಧವನ್ನೂ ನಾನು ಅಷ್ಟು ಜೋಪಾನವಾಗಿ ಒಯ್ಯುತ್ತಿರಲಿಲ್ಲವೇನೋ. ಮಕ್ಕಳ ಪೇಪರು ಬಿಡಿಸಿದರೆ ಗುರೆಳ್ಳಿನ ಘಮ ಏಳುತ್ತಿತ್ತು. ರಾಷ್ಟ್ರೀಯ ವರಮಾನದ ಮೇಲೆ ಎಣ್ಣೆಯ ಗುಂಡು ಕಲೆ ಕೂತಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹಾಲೇಶಪ್ಪನವರು, “ಏನ್ ಮೇಷ್ಟ್ರೇ, ಇವತ್ತು ಫಸ್ಟ್ ಪೀರಿಯಡ್ ಪಾಠನೋ ಪುಡಿನೋ?” ಎಂದು ಕಾಲೆಳೆಯುತ್ತಿದ್ದರು. ಕಾಲೆಳೆದರೂ ವಾರಕ್ಕೊಂದು ಕಟ್ಟು ತಪ್ಪದೆ ಕೊಳ್ಳುತ್ತಿದ್ದರು. ಕಾರಿಡಾರಿನಲ್ಲಿ ಹುಡುಗರು ನನಗೆ ‘ರೊಟ್ಟಿ ಸರ್’ ಎಂದು ಹೆಸರಿಟ್ಟಿದ್ದು ಕಿವಿಗೆ ಬಿತ್ತು. ಕರಿಕಲ್ಲು ನೆನಪಾಗಿ ಒಂದಿಷ್ಟು ಸಂಕಟವಾಯಿತು. ಆದರೆ ಮನೆಗೆ ಬಂದರೆ ಸುಮಂಗಲಾ ಆ ದಿನದ ಆರ್ಡರುಗಳನ್ನು ನನ್ನ ಫೋನಿನಲ್ಲಿ ಒಂದೊಂದಾಗಿ ಓದಿ, “ನನ್ನ ಕೈಯಾಗೆ ಇಷ್ಟು ರುಚಿ ಇತ್ತು ಅಂತ ನನಗೇ ಗೊತ್ತಿರ್ಲಿಲ್ಲ ನೋಡ್ರಿ” ಎನ್ನುತ್ತಿದ್ದಳು. ಆ ಮುಖ ನೋಡಿದ ಮೇಲೆ ಸಂಕಟ ಯಾತರದು?

ಇಲ್ಲಿ ನನ್ನ ವಿದ್ಯೆಯ ವಿಷಯ ಸ್ವಲ್ಪ ಹೇಳಬೇಕು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದು ಬೇಡಿಕೆಯ ನಿಯಮ. ಇದನ್ನು ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಇಳಿಜಾರು ಗೆರೆ ಎಳೆದು ಕಲಿಸುತ್ತೇನೆ. ಜೋಳ ತುಟ್ಟಿಯಾಯಿತೆಂದು ಸುಮಂಗಲಾ ರೊಟ್ಟಿಯ ಬೆಲೆ ಏರಿಸಿದಳು. ಬೇಡಿಕೆ ಇಳಿಯಲಿಲ್ಲ, ಹೆಚ್ಚಾಯಿತು. ಪರೀಕ್ಷೆ ಹತ್ತಿರವಾದಂತೆ ಇನ್ನೂ ಹೆಚ್ಚಾಯಿತು. ನಾನು ಹಿಗ್ಗಿ, ಇದು ಅಪರೂಪದ ಸರಕು ಕಣೇ, ಬೇಡಿಕೆಯ ನಿಯಮಕ್ಕೇ ಅಪವಾದ ಎಂದು ಅವಳಿಗೆ ಅಡುಗೆಮನೆಯಲ್ಲೇ ಪಾಠ ಮಾಡಿದೆ. ಆ ನಿಯಮದ ಜೊತೆಗೆ ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂಬ ಒಂದು ಸಾಲೂ ಇದೆ. ಹುಡುಗರು ಅದನ್ನು ಬಿಟ್ಟರೆ ನಾನು ಮಾರ್ಕ್ಸ್ ಕತ್ತರಿಸುತ್ತೇನೆ. ನಾನೇ ಅದನ್ನು ಬಿಟ್ಟೆ.

ಇಂಟರ್ನಲ್ ಮಾರ್ಕ್ಸ್ ಇಲಾಖೆಗೆ ಹೋದ ವಾರವೇ ಆರ್ಡರುಗಳು ನಿಂತವು. ಕಡಿಮೆಯಾಗಲಿಲ್ಲ, ನಿಂತವು, ನಲ್ಲಿ ತಿರುವಿದ ಹಾಗೆ. ಗುಲಾಬಿ ಹೂವೂ ನಿಂತಿತು ಎಂಬುದನ್ನು ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ. ಸುಮಂಗಲಾ ಮೊದಲು ಜೋಳದ ಮೇಲೆ ಅನುಮಾನಪಟ್ಟಳು, ಬೇರೆ ಜೋಳ ತರಿಸಿದಳು. ಹಿಟ್ಟಿನ ಗಿರಣಿಯವನು ಗೋಧಿ ಹಾಕಿದ ಕಲ್ಲಿಗೇ ಜೋಳ ಹಾಕುತ್ತಿದ್ದಾನೆ ಎಂದು ಗಿರಣಿ ಬದಲಾಯಿಸಿದಳು. ಗೌರಕ್ಕನ ಕೈ ಒರಟು ಎಂದು ಅವಳನ್ನೂ ನಯವಾಗಿ ಬಿಡಿಸಿದಳು. ದಿನಾ ಒಂದು ರೊಟ್ಟಿ ನನ್ನ ಮುಂದಿಟ್ಟು ಹೇಗಿದೆ ಹೇಳಿ ಎನ್ನುವಳು. ಚೆನ್ನಾಗಿದೆ ಎಂದರೆ, “ನೀವು ಗಂಡ. ಗಂಡ ಹೇಳಿದ್ದು ರುಚಿ ಲೆಕ್ಕಕ್ಕೆ ಬರಲ್ಲ” ಎಂದು ತಟ್ಟೆ ಎಳೆದುಕೊಳ್ಳುವಳು. ಹಬ್ಬ ಬಂತಲ್ಲ, ಮದುವೆ ದಿನಗಳಲ್ಲವೇ, ಬೇಸಿಗೆ ನೋಡು, ಎಂದು ನಾನು ತಿಂಗಳಿಗೊಂದು ಕಾರಣ ಕೊಟ್ಟೆ. ಅರ್ಥಶಾಸ್ತ್ರಜ್ಞರ ಕೆಲಸವೇ ಅದು.

ನಿಜ ತಿಳಿದದ್ದು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ. ಸಿದ್ದಪ್ಪನವರು ಗೊಬ್ಬರದ ಚೀಲ ಇಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು, ಕೂಡ್ರಿ ಸರ್ ಎಂದು ಜಾಗ ಮಾಡಿಕೊಟ್ಟರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಮರೆಮಾಚು ಇಲ್ಲ. ಅವರ ಮಗನ ಓದು, ಹೊಲ, ಹೊಳೆಯ ನೀರು ಎಲ್ಲ ಆದ ಮೇಲೆ ನಾನು ನಗುನಗುತ್ತಲೇ, ಯಾಕೆ ಈಗ ರೊಟ್ಟಿ ಬೇಡವಾಯಿತೇ, ರುಚಿ ಕೆಟ್ಟಿದೆಯೇ ಎಂದು ಕೇಳಿದೆ.

“ರುಚಿಗೇನು ಸರ್, ಬಂಗಾರದಂಥ ರೊಟ್ಟಿ,” ಎಂದರು ಸಿದ್ದಪ್ಪ. ಆಮೇಲೆ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. “ಆದ್ರೆ ನಮ್ಮನ್ಯಾಗೆ ದಿನಾ ರೊಟ್ಟಿ ಬಡೀತಾರಲ್ರೀ. ನಿಮ್ಮ ಕಟ್ಟು ತಗಂಡು ಹೋದಾಗೆಲ್ಲ ನನ್ನ ಹೆಂಡ್ತಿ ಜಗಳ. ನನ್ನ ರೊಟ್ಟಿಗೆ ಏನು ಬಂದೈತೆ ಅಂತ. ಏ, ಇದು ರೊಟ್ಟಿ ಅಲ್ಲೇ, ಹುಡುಗನ ಮಾರ್ಕ್ಸು, ಸುಮ್ಕೆ ತಿನ್ನು ಅಂದೆ. ಮಾರ್ಕ್ಸು ಬಂದ್ವು. ಇನ್ನ್ಯಾಕ ಜಗಳ ಅಂತ ಬಿಟ್ಟೆ, ತಪ್ಪು ತಿಳ್ಕಬ್ಯಾಡ್ರಿ.”

ನಾನು ಮಾರ್ಕ್ಸ್ ಕೊಡುವುದರಲ್ಲಿ ಭೇದ ಮಾಡಿದವನಲ್ಲ, ಕೆಲಸ ಮಾಡಿ ಒಪ್ಪಿಸಿದವರಿಗೆಲ್ಲ ಒಳ್ಳೆಯದೇ ಕೊಟ್ಟಿದ್ದೇನೆ ಎಂದು ತಡವರಿಸಿದೆ. ಅದು ಗೊತ್ತಾಯಿತು ಎಂದರು ಸಿದ್ದಪ್ಪ. ರೊಟ್ಟಿ ತೆಗೆದುಕೊಳ್ಳದವರ ಹುಡುಗರಿಗೂ ಅಷ್ಟೇ ಬಂದಿದೆಯಂತಲ್ಲ, ವಿಚಾರಿಸಿದೆ ಎಂದರು. ಆ ಮಾತಿನಲ್ಲಿ ಒಂದು ಸಣ್ಣ ದೂರಿತ್ತು. ದುಡ್ಡು ಇಸಿದುಕೊಂಡು ಕೆಲಸ ಮಾಡಿಕೊಡದವನ ಕಡೆ ನೋಡುವ ಹಾಗೆ ನನ್ನ ಕಡೆ ನೋಡಿದರು. ಜೀವಮಾನದಲ್ಲಿ ಲಂಚ ತಿನ್ನದವನು ನಾನು. ಈಗ ಲಂಚ ತೆಗೆದುಕೊಂಡು ಮೋಸವನ್ನೂ ಮಾಡಿದವನಾಗಿದ್ದೆ, ಎರಡೂ ನನಗೆ ಗೊತ್ತಿಲ್ಲದೆ. ಬಸ್ಸು ಬಂತು. ಸೀಟು ಖಾಲಿಯಿದ್ದರೂ ಅಭ್ಯಾಸ ಬಲದಿಂದ ನಿಂತೇ ಹೋದೆ.

ದಾರಿಯುದ್ದಕ್ಕೂ ಯೋಚಿಸಿದೆ. ಕೊಂಡಜ್ಜಿಯಲ್ಲಿ ಯಾವ ಮನೆಯವರು ರೊಟ್ಟಿ ಕೊಂಡು ತಿನ್ನುತ್ತಾರೆ? ನಂದಿಗುಡಿಯ ಆ ತಾಯಿಗೆ ರೊಟ್ಟಿ ಬಡಿಯಲು ಬರುವುದಿಲ್ಲವೇ? ಇದು ಅಪ್ಪನಿಗಾಗಿದ್ದರೆ ಮೊದಲ ವಾರವೇ ಹೊಳೆಯುತ್ತಿತ್ತು. ಎಂ.ಎ. ಮಾಡಿದವನಿಗೆ ಹೊಳೆಯಲಿಲ್ಲ. ಮಿಲ್ಲಿನ ಗೇಟಿನಲ್ಲಿ ನೂಲು ಹುಡುಕುವ ವಾಚ್‌ಮನ್ ಹರಿಹರದ ಬಸ್ಸಿನ ಬಾಗಿಲಲ್ಲಿ ನಿಂತಿದ್ದರೆ, ಮೇಷ್ಟ್ರೇ, ಹೋಗುವಾಗ ರೊಟ್ಟಿ, ಬರುವಾಗ ಮಾರ್ಕ್ಸು, ಇದೇನಿದು ಬ್ಯಾಗಿನೊಳಗೆ ಎಂದು ಕೇಳುತ್ತಿದ್ದ. ಕೇಳುವವರಿಲ್ಲದ ಜೇಬು ನನ್ನದು. ಅಪ್ಪ ಬಯಸಿದ್ದೂ ಅದನ್ನೇ ಅಲ್ಲವೇ?

ಮನೆಗೆ ಬಂದರೆ ಸುಮಂಗಲಾ ಮೂರನೆಯ ಗಿರಣಿಯ ಹಿಟ್ಟಿನಲ್ಲಿ ರೊಟ್ಟಿ ಮಾಡಿ ಕಾಯುತ್ತಿದ್ದಳು. ಈ ಸಲ ಏನೋ ಹದ ಬಂದಿದೆ, ಇದರ ಫೋಟೋ ಹಾಕಿ ನೋಡಿ ಎಂದಳು. ಹೇಳದೆ ಇರಬಹುದಿತ್ತು. ಆದರೆ ಹೇಳದಿದ್ದರೆ ಅವಳು ತನ್ನ ಕೈಯನ್ನೇ ಬೈದುಕೊಳ್ಳುತ್ತಾ ಊರಿನ ಗಿರಣಿಗಳನ್ನೆಲ್ಲ ಸುತ್ತುತ್ತಾಳೆ. ಹೇಳಿದರೆ ಆ ಕೈಗೆ ಯಾವತ್ತೂ ಗಿರಾಕಿಯೇ ಇರಲಿಲ್ಲವೆಂದಾಗುತ್ತದೆ. ಹೇಳಿದೆ. ಸಿದ್ದಪ್ಪನವರ ಹೆಂಡತಿಯ ಜಗಳವನ್ನು ಸ್ವಲ್ಪ ತಮಾಷೆಯಾಗಿಯೇ ಹೇಳಿದೆ, ನಗಲಿ ಎಂದು. ಅವಳು ನಗಲಿಲ್ಲ. ಹಂಚಿನ ಕೆಳಗಿನ ಉರಿ ಆರಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

“ಎಲ್ರೂನಾ?” ಎಂದಳು.

ನಾನು ಬ್ಯಾಗನ್ನು ಕೆಳಗಿಟ್ಟೆ.

“ಒಬ್ರಾದ್ರೂ ರುಚಿಗೆ ಅಂತ ತಗಂಡವ್ರು ಇರ್ತಾರೆ. ನೋಡ್ರಿ ಫೋನ್ನಾಗೆ.”

ನೋಡಿದೆ. ಅವಳು ಎದುರಿಗೆ ನಿಂತಿದ್ದಳು, ನಾನು ಹೆಸರುಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋದೆ. ಕಾವ್ಯ ತಂದೆ ಬಿ ಸೆಕ್ಷನ್. ರಕ್ಷಿತಾ ತಾಯಿ. ಪ್ರಜ್ವಲ್ ಮಾವ. ನನ್ನ ಕ್ಲಾಸಿನಲ್ಲಿ ಮಗುವಿಲ್ಲದ ಒಬ್ಬನೇ ಒಬ್ಬ ಮನುಷ್ಯ ಸಿಕ್ಕರೆ ಸಾಕಿತ್ತು. ಆಗ ತಿಳಿಯಿತು, ಅಷ್ಟು ದೊಡ್ಡ ಫೋನಿನಲ್ಲಿ ನನ್ನವರು ಎನ್ನುವವರು ಯಾರೂ ಇರಲಿಲ್ಲ. ಇದ್ದವರೆಲ್ಲ ಯಾರದೋ ತಂದೆ, ಯಾರದೋ ತಾಯಿ. ಕೊನೆಗೆ ಹಾಲೇಶಪ್ಪ ಸಿಕ್ಕರು. ವಾರಾ ವಾರಾ ತೆಗೆದುಕೊಳ್ಳುತ್ತಿದ್ದರು ನೋಡು ಎಂದು ಸಂಭ್ರಮದಿಂದ ತೋರಿಸಿದೆ. ಸುಮಂಗಲಾ ನನ್ನನ್ನೇ ನೋಡುತ್ತಾ, ಕಾಲೇಜಿನ ಟೈಮ್‌ಟೇಬಲ್ ಹಾಕುವವರು ಯಾರು ಎಂದು ಕೇಳಿದಳು. ನಾನೇ ಹಾಕುವುದು. ಹಾಲೇಶಪ್ಪನವರಿಗೆ ಆ ವರ್ಷ ಬೆಳಗಿನ ಮೊದಲ ಪೀರಿಯಡ್ ಒಂದೂ ಇರಲಿಲ್ಲ. ತಡವಾಗಿ ಬರುವ ಮನುಷ್ಯ, ಪಾಪ ಎಂದು ನಾನೇ ತಪ್ಪಿಸಿದ್ದೆ.

ಅವಳು ದೊಡ್ಡ ಹಂಚನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಜಗಳವಾಡಲಿಲ್ಲ. ನಮ್ಮಿಬ್ಬರಿಗೆ ಬೇಕಾದ ರೊಟ್ಟಿಯನ್ನು ಸಣ್ಣ ಹಂಚಿನ ಮೇಲೆ ಮಾಡುತ್ತಿದ್ದಳು, ಆದರೆ ಆ ಪಟಪಟದಲ್ಲಿ ತಾಳವಿರಲಿಲ್ಲ. ನಾನು ಏಳುವುದು ತಡವಾಗತೊಡಗಿತು. ಹೇಗಿದೆ ಎಂದು ಕೇಳುವುದನ್ನೂ ನಿಲ್ಲಿಸಿದಳು. ಗಂಡ ಹೇಳಿದ್ದು ರುಚಿಯ ಲೆಕ್ಕಕ್ಕೆ ಬರುವುದಿಲ್ಲ ನಿಜ, ಆದರೂ ಕೇಳುತ್ತಿದ್ದಳಲ್ಲ, ಅದು ಬೇಕಿತ್ತು. ಅವಳ ರೊಟ್ಟಿಗೆ ನನ್ನ ಹೆಸರು ಹಚ್ಚದೆ, ನಮ್ಮ ಬೀದಿಯ ಕೊನೆಯಲ್ಲೇ ಒಂದು ಸ್ಟೂಲು ಹಾಕಿ ಮಾರಿದ್ದರೆ ಆಗುತ್ತಿತ್ತು. ವಾರಕ್ಕೆ ನಾಲ್ಕೇ ರೊಟ್ಟಿ ಹೋಗುತ್ತಿದ್ದವು, ಆದರೆ ಆ ನಾಲ್ಕೂ ಹಸಿದವರಿಗೆ ಹೋಗುತ್ತಿದ್ದವು.

ಬಹಳ ದಿನದ ಮೇಲೆ ಒಂದು ಸಂಜೆ ಅಟ್ಟದ ಹಂಚು ಕೆಳಗಿಳಿದಿತ್ತು. ಗೌರಕ್ಕನ ಮೂಲಕ ಹಳೇ ಊರಿನ ಕಡೆಯ ಒಂದು ಖಾನಾವಳಿಗೆ ರೊಟ್ಟಿ ಕೊಡಲು ಒಪ್ಪಿಕೊಂಡಿದ್ದಾಳೆ. ತಾನು ಯಾರ ಹೆಂಡತಿ ಎಂದು ಅಲ್ಲಿ ಹೇಳಿಲ್ಲ, ನೀವೂ ಹೇಳಬೇಡಿ, ಸ್ಟೇಟಸ್ ಅಂತೂ ಬೇಡವೇ ಬೇಡ ಎಂದಳು. ಇಷ್ಟು ವರ್ಷ ನನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡು ತಿರುಗಿದವನಿಗೆ, ಆ ಹೆಸರು ಬಾರದಿರುವುದೇ ಉಪಕಾರ ಎಂದು ಕೇಳುವುದು ಕಷ್ಟವಾಯಿತು. ಒಪ್ಪಿಕೊಂಡೆ.

ಒಪ್ಪಿಕೊಂಡರೂ ತಡೆಯಲಾರದೆ ಒಂದು ಮಧ್ಯಾಹ್ನ ಆ ಖಾನಾವಳಿಗೆ ಊಟಕ್ಕೆ ಹೋದೆ. ಕದ್ದು ತಿನ್ನುವವನ ಹಾಗೆ ಮೂಲೆಯಲ್ಲಿ ಕೂತೆ. ಎದುರಿನ ಮೇಜಿನಲ್ಲಿ ಮೆಡಿಕಲ್ ರೆಪ್ ಇರಬೇಕು, ಕೊರಳಿಗೆ ಟೈ ಕಟ್ಟಿದ ಒಬ್ಬ ತರುಣ ರೊಟ್ಟಿ ಮುರಿದು, ಬಡಿಸುವವನನ್ನು ಕರೆದು ಹೇಳಿದ: “ಮಾಮಾ, ರೊಟ್ಟಿ ಚಲೋ ಅದಾವು. ಆದ್ರೆ ಅಂಚು ದಪ್ಪ ಆಗೈತೆ ನೋಡ್ರಿ. ಮಾಡೋರಿಗೆ ಹೇಳ್ರಿ.”

ನನಗೆ ಎದ್ದು ಹೋಗಿ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಇಡೀ ಹರಿಹರ ತಾಲ್ಲೂಕಿನಲ್ಲಿ ಅಷ್ಟು ದಿನ ಯಾರೂ ಹೇಳದಿದ್ದ ಮಾತು. ಅದನ್ನು ಕಟ್ಟಿಕೊಂಡು ಮನೆಗೆ ಓಡಿದೆ. ಖಾನಾವಳಿಗೆ ಯಾಕೆ ಹೋಗಿದ್ದಿರಿ ಎಂದು ಅವಳು ಹುಬ್ಬು ಗಂಟಿಕ್ಕುವ ಮೊದಲೇ, ಯಾರೋ ಒಬ್ಬ ರೊಟ್ಟಿಯ ಅಂಚು ದಪ್ಪ ಎಂದ ಎಂದು ಹೇಳಿಬಿಟ್ಟೆ. ಸುಮಂಗಲಾ ನಾದುತ್ತಿದ್ದ ಹಿಟ್ಟು ಬಿಟ್ಟು ತಲೆಯೆತ್ತಿದಳು.

“ಅವ್ರ ಮಕ್ಳು ನಿಮ್ಮ ಕಾಲೇಜ್ನಾಗೆ ಅದಾರೇನು?”

“ಅವನಿಗೆ ಇನ್ನೂ ಮದುವೇನೇ ಆದಂಗಿಲ್ಲ.”

ಅವಳು ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿದಳು. ಹೌದು ಎಂದಳು, ದಪ್ಪ ಐತೆ. ಇಷ್ಟು ದಿನ ಕಾಣಲೇ ಇಲ್ಲವಲ್ಲ ಎಂದು ಗೌರಕ್ಕನನ್ನು ಕೂಗಿದಳು. ಹಿಂದೆ ಆರ್ಡರುಗಳನ್ನು ಓದುವಾಗ ಇದ್ದ ಮುಖ ಅಲ್ಲ ಅದು. ಅದಕ್ಕಿಂತ ಸ್ವಲ್ಪ ಕಡಿಮೆ ಬೆಳಕಿನದು, ಆದರೆ ಅವಳದೇ.

ಈಗ ಯೋಚನೆ ಹತ್ತಿರುವುದು ನನಗೆ. ಶಿಕ್ಷಕರ ದಿನಾಚರಣೆಗೆ ನನ್ನ ಫೋನು ತುಂಬಿ ಹರಿಯುತ್ತದೆ. ನಿಮ್ಮಂಥ ಗುರುಗಳಿಲ್ಲ ಸರ್, ನಿಮ್ಮ ಪಾಠ ಅಮೃತ ಸರ್ ಎಂದು ಬರೆಯುತ್ತಾರೆ. ಹೂವು, ದೀಪ, ಮುಗಿದ ಕೈಗಳು. ಅದನ್ನೆಲ್ಲ ಅಳಿಸದೆ ಇಟ್ಟುಕೊಂಡಿದ್ದೆ. ಮೊನ್ನೆ ಕೂತು ನೋಡಿದರೆ, ಹುಡುಗರು ಪಾಸಾಗಿ ಹೋದ ಮೇಲೆ ಬರೆದದ್ದು ಒಂದೂ ಇಲ್ಲ. ಬೆಲ್ಲ ಕಟ್ಟಿ ಓದಿದ ಅರ್ಥಶಾಸ್ತ್ರ, ಇಷ್ಟು ವರ್ಷ ಕಲಿಸಿದ್ದೇನೆ. ನಿಮ್ಮ ಪಾಠದ ಅಂಚು ದಪ್ಪ ಎಂದು ಒಬ್ಬನೂ ಹೇಳಿಲ್ಲ. ಹೇಳುವವನಿಗಾಗಿ ಕಾಯುತ್ತಿದ್ದೇನೆ. ಬಂದರೆ ಕೂಡ್ರಿ ಎಂದು ಜಾಗ ಕೊಟ್ಟು, ಒಂದು ರೊಟ್ಟಿಯನ್ನೂ ಕೊಟ್ಟು ಅವನ ಮಾತು ಕೇಳುತ್ತೇನೆ. ಆದರೆ ಕೊಡುವ ಮೊದಲು, ನಿಮ್ಮ ಮಗ ಯಾವ ಕಾಲೇಜು ಎಂದು ವಿಚಾರಿಸಿಕೊಳ್ಳುತ್ತೇನೆ.